ಜೊತೆಗೆ ಯಾರಿದ್ದಾರೆ?

ಮೊದಲ ರಾತ್ರಿ, ತುಮಕೂರಿನಿಂದ

ನನಗೆ 62. ಅಂಚೆ ಕಚೇರಿಯ ಉಳಿತಾಯ ಕೌಂಟರಿನಲ್ಲಿ 34 ವರ್ಷ ಕುಳಿತು ಎದ್ದು ಬಂದವಳು. ಒಬ್ಬಳೇ ವಿಜಯಪುರದ ಕಡೆ ಹೋಗಿಬರುತ್ತೇನೆ ಎಂದಾಗ ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತದೆಯೇ ‘ಹೂಂ, ಹೋಗಿಬಾ’ ಎಂದಿದ್ದರು. ಹೊರಡುವ ದಿನ ಬ್ಯಾಗು ನೋಡಿ ‘ಎಲ್ಲಿಗೆ ಎಂದೆ?’ ಎಂದು ಕೇಳಿದರು. ಹದಿನೈದು ದಿನಗಳಿಂದ ಟಿಕೆಟ್ಟು ಊಟದ ಮೇಜಿನ ಮೇಲೆಯೇ ಬಿದ್ದಿತ್ತು. ಅದರ ಮೇಲೆ ಅವರೇ ಲೋಟ ಇಟ್ಟು ಕಾಫಿಯ ಕಂದು ಬಳೆಯೊಂದು ಮೂಡಿತ್ತು.

ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ರಾತ್ರಿ ಬಂತು. ನನ್ನದು ಕೆಳಗಿನ ಬರ್ತು. ಕೆಳಗಿನ ಬರ್ತಿನ ಆದ್ಯತೆಗೆ ಗಂಡಸರಿಗೆ 60 ಆಗಬೇಕು, ಹೆಂಗಸರಿಗೆ 45 ಆದರೆ ಸಾಕು. ಆ ಲೆಕ್ಕದಲ್ಲಿ ನಾನು ಮುದುಕಿಯಾಗಿ ಹದಿನೇಳು ವರ್ಷವಾಯಿತು. 58 ದಾಟಿದ ಹೆಂಗಸರಿಗೆ ಅರ್ಧ ದರದ ರಿಯಾಯಿತಿಯೂ ಒಂದು ಕಾಲಕ್ಕೆ ಇತ್ತು. 2020ರ ಮಾರ್ಚಿನಲ್ಲಿ ಅದನ್ನು ನಿಲ್ಲಿಸಿದಾಗ ನನಗಿನ್ನೂ 58 ತುಂಬಿರಲಿಲ್ಲ. ಸರದಿ ಬರುವ ಹೊತ್ತಿಗೆ ಕಿಟಕಿ ಮುಚ್ಚುವುದು ಎಂದರೆ ಏನೆಂದು ಕೌಂಟರಿನ ಒಳಗೆ ಕುಳಿತವಳಿಗೆ ಆವತ್ತು ಗೊತ್ತಾಯಿತು.

ಎದುರಿನ ಮೇಲಿನ ಬರ್ತಿನ ಯುವಕನಿಗೆ ನನ್ನ ಜಾಗ ಬೇಕಿತ್ತು. ಅದನ್ನು ಅವನು ನನ್ನನ್ನು ಕೇಳಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ, ನನಗೆ ಏನೂ ಅಲ್ಲದ ಗಂಡಸನ್ನು ಕೇಳಿದ: ‘ಸರ್, ಇವರು ಎಲ್ಲಿ ಇಳಿಯುತ್ತಾರೆ?’ ಆ ಮನುಷ್ಯ ನನ್ನ ಕಡೆ ನೋಡದೆಯೇ ಭುಜ ಕುಣಿಸಿದ. ನಾನು ಚಾದರ ಹೊದ್ದು ಮಲಗಿಬಿಟ್ಟೆ. ಟಿಕೆಟ್ ತಪಾಸಣೆಗೆ ಬಂದವರು ಕೇಳಿದರು: ‘ಜೊತೆಗೆ ಯಾರಿದ್ದಾರೆ?’

ಎರಡನೆಯ ದಿನ, ವಿಜಯಪುರ

ವಸತಿಗೃಹದ ಹುಡುಗನೂ ಅದನ್ನೇ ಕೇಳಿದ. ಯಾರೂ ಇಲ್ಲ ಎಂದೆ. ‘ಹಾಗಾದರೆ ಮಗನ ನಂಬರ್ ಬರೆಯಿರಿ.’ ಮಗನಿಲ್ಲ, ಮಗಳಿದ್ದಾಳೆ, ನಂಬರು ನನ್ನದೇ ಇದೆ ಎಂದು ಹೇಳಿ ಬರೆದುಕೊಟ್ಟೆ. ಅವನಿಗೆ ತೃಪ್ತಿಯಾಗಲಿಲ್ಲ. ಈ ಹೆಂಗಸು ಏನಾದರೂ ಮಾಡಿಕೊಂಡರೆ ಯಾರಿಗೆ ಒಪ್ಪಿಸಬೇಕು ಎನ್ನುವ ಚಿಂತೆ ಅವನ ಮುಖದಲ್ಲಿ ಇತ್ತು.

ಗೋಲ್‌ಗುಂಬಜ್‌ಗೆ ಬಿಸಿಲು ಏರುವ ಮೊದಲೇ ಹೋದೆ. ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಗೋಪುರಗಳು. ಅದರೊಳಗೆ ಸುತ್ತುವ ಇಕ್ಕಟ್ಟಾದ ಮೆಟ್ಟಿಲು. ಒಂದೊಂದು ಅಂತಸ್ತಿನ ಕಿಂಡಿಯಲ್ಲೂ ಊರು ನೋಡುವ ನೆಪದಲ್ಲಿ ಉಸಿರು ತೆಗೆದುಕೊಂಡೆ. ಹಿಂದಿನಿಂದ ಬಂದ ಮಕ್ಕಳ ಹಿಂಡು ಹೊಳೆಯ ನೀರು ಕಲ್ಲನ್ನು ಬಳಸಿ ಹೋಗುವ ಹಾಗೆ ನನ್ನನ್ನು ಬಳಸಿಕೊಂಡು ಹೋಯಿತು. ಕಲ್ಲಿಗೆ ಬೇಸರವಾಗುತ್ತದೆಯೇ ಎಂದು ಅವು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಮೇಲೆ, ಗುಮ್ಮಟದ ಒಳಸುತ್ತಿನ ಪಿಸುಮಾತಿನ ಮೊಗಸಾಲೆ. ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲದ ಗುಮ್ಮಟ. ನಡುವೆ ಒಂದೂ ಕಂಬವಿಲ್ಲ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ, ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರಳುತ್ತದೆ. ಎಲ್ಲರೂ ತಮ್ಮ ಹೆಸರು, ಹುಡುಗಿಯ ಹೆಸರು, ಊರಿನ ಹೆಸರು ಕೂಗುತ್ತಿದ್ದರು. ಮಕ್ಕಳು ಇಳಿದು ಹೋದ ಮೇಲೆ ಅಲ್ಲಿ ನಾನು, ಎದುರುಗಡೆ ಪೊರಕೆ ಹಿಡಿದ ಒಬ್ಬ ಹೆಂಗಸು, ಇಬ್ಬರೇ. ನಾನೂ ನನ್ನ ಹೆಸರು ಹೇಳೋಣವೆಂದು ಬಾಯಿ ತೆರೆದೆ. ನಾಚಿಕೆಯಾಯಿತು. ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿ ಎಷ್ಟು ವರ್ಷವಾಯಿತೋ! ತಡವರಿಸಿದ ನಾಲಿಗೆಯಿಂದ ಕೊನೆಗೆ ಹೊರಬಿದ್ದದ್ದು:

‘ಮುಂದಿನವರು ಬನ್ನಿ.’

ಬನ್ನಿ, ಬನ್ನಿ, ಬನ್ನಿ ಎಂದು ಗುಮ್ಮಟವೆಲ್ಲ ಕರೆಯಿತು. ಪೊರಕೆಯ ಹೆಂಗಸು ತಲೆ ಎತ್ತಿ, ಯಾರೂ ಬರದಿರುವುದನ್ನು ನೋಡಿ, ಮತ್ತೆ ಗುಡಿಸತೊಡಗಿದಳು.

ಇಳಿಯುವಾಗ ಎಲ್ಲ ಮೆಟ್ಟಿಲಿನಲ್ಲೂ ಅದೇ ಯೋಚನೆ. ಕೌಂಟರಿನ ಸಣ್ಣ ಅರ್ಧಚಂದ್ರದ ಕಿಂಡಿಯಲ್ಲಿ ನನಗೆ ಕಾಣುತ್ತಿದ್ದದ್ದು ಕೈಗಳು. ಪಾಸ್‌ಬುಕ್ಕು, ಹೆಬ್ಬೆಟ್ಟು, ಬಳೆ. ಸಹಿ ಹೊಂದಾಣಿಕೆಯಾಗದಿದ್ದರೆ ಮಾತ್ರ ಮುಖ ನೋಡುತ್ತಿದ್ದೆ. ವಿಧವಾ ವೇತನಕ್ಕೆ ಬರುತ್ತಿದ್ದ ಅಜ್ಜಿಯರು ಏನನ್ನೋ ಹೇಳಲು ತೊಡಗಿದರೆ, ಮಾತಿನ ನಡುವೆ ‘ಅಜ್ಜಿ, ಪಕ್ಕಕ್ಕೆ ನಿಲ್ಲಿ, ಮುಂದಿನವರು ಬನ್ನಿ’. ಕೋಪದಿಂದಲ್ಲ, ಸಾಲು ಉದ್ದವಿರುತ್ತಿತ್ತು. ಈಗ ನನಗೆ ಹಾಗೆ ಹೇಳುವವರ ಹಿಂದೆಯೂ ಸಾಲು ಉದ್ದವೇ ಇರಬಹುದು.

ಕೆಳಗೆ ಸಮಾಧಿಗಳ ಕಟ್ಟೆ. 1656ರಲ್ಲಿ ತೀರಿಕೊಂಡ ವಿಜಯಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಜೊತೆಗೆ ಅವನ ಮಡದಿಯರು, ನರ್ತಕಿ ರಂಭೆ, ಮಗಳು, ಮೊಮ್ಮಗ ಇದ್ದಾರೆ. ಅಷ್ಟು ದೊಡ್ಡವನನ್ನೂ ಯಾರಾದರೂ ‘ಜೊತೆಗೆ ಯಾರಿದ್ದಾರೆ’ ಎಂದು ಕೇಳಿದ್ದರೆ ಉತ್ತರ ಸಿದ್ಧವಾಗಿದೆ.

ಮಧ್ಯಾಹ್ನ ಇಬ್ರಾಹಿಂ ರೋಜಾ. ಅಲ್ಲಿನ ಕಲ್ಲಿನ ಜಾಲಂಧ್ರಗಳ ಮುಂದೆ ಗೋಲ್‌ಗುಂಬಜ್ ನನಗೆ ಬರೀ ಗಾತ್ರವೆನಿಸಿತು. ಅಕ್ಷರಗಳನ್ನೇ ಕೊರೆದು ಕಿಟಕಿ ಮಾಡಿದ್ದಾರೆ, ಬೆಳಕು ಓದಿಕೊಂಡು ಒಳಗೆ ಬರುತ್ತದೆ. ಇದನ್ನು ಕಟ್ಟತೊಡಗಿದ್ದು ರಾಣಿ ತಾಜ್ ಸುಲ್ತಾನಳಿಗಾಗಿ ಎನ್ನುತ್ತಾರೆ. 1627ರಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ ತೀರಿಕೊಂಡು ಇಲ್ಲಿಯೇ ಮಣ್ಣಾದ. ರಾಣಿಯೂ ಇಲ್ಲಿದ್ದಾಳೆ. ಹೆಸರು ಮಾತ್ರ ಗಂಡನದು. ನಮ್ಮ ಬೀದಿಯಲ್ಲಿಯೂ ನಾನು ದುಡಿದ ಹಣದಿಂದ ಕಟ್ಟಿದ ಮನೆಗೆ ‘ಮೇಷ್ಟ್ರ ಮನೆ’ ಎಂದೇ ಹೆಸರು.

ಸಂಜೆ ಬಾರಾ ಕಮಾನಿನ ಹತ್ತಿರ ಚಹಾದಂಗಡಿಯ ಬೆಂಚಿನಲ್ಲಿ ಕುಳಿತೆ. ಎರಡನೆಯ ಅಲಿ ಆದಿಲ್ ಶಾಹನ ಅರೆಬರೆ ಉಳಿದ ಗೋರಿ. ಕಮಾನುಗಳು ಮಾಡಿಗಾಗಿ ಕಾಯುತ್ತ ನಿಂತುಬಿಟ್ಟಿವೆ. ಸುತ್ತ ಹತ್ತು ಹನ್ನೆರಡು ಗಂಡಸರು. ಕತ್ತಲಾಗುತ್ತಿತ್ತು. ಒಬ್ಬರೂ ನನ್ನನ್ನು ನೋಡಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇಂಥ ಅಂಗಡಿಯ ಮುಂದೆ ಹಾಯಬೇಕಾದರೆ ಸೆರಗು ಎಳೆದುಕೊಂಡು, ಉಸಿರು ಹಿಡಿದು, ಕೆಲವೊಮ್ಮೆ ಆ ಬೀದಿಯನ್ನೇ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದೆ. ಆ ನೋಟಗಳು ಹೋಗಲೆಂದು ದೇವರಿಗೆ ಹರಕೆ ಹೊರುವುದೊಂದೇ ಬಾಕಿಯಿತ್ತು. ಹೋದವು. ಹೋಗುವಾಗ ‘ಬನ್ನಿ ಅಮ್ಮ, ಏನು ಬೇಕು’ ಎನ್ನುವ ಸಾಮಾನ್ಯ ನೋಟವನ್ನೂ ಸೇರಿಸಿ ಹೊತ್ತುಕೊಂಡು ಹೋದವು. ನಮ್ಮೂರಿನ ತರಕಾರಿಯವನು ಮೊದಲು ಅಕ್ಕ ಎನ್ನುತ್ತಿದ್ದ, ಆಮೇಲೆ ಆಂಟಿ, ಆಮೇಲೆ ಅಮ್ಮ. ಈಗ ತಕ್ಕಡಿ ನೋಡುತ್ತ ‘ಹೂಂ, ಹೇಳಿ’ ಎನ್ನುತ್ತಾನೆ. ಅದೇನೇ ಇರಲಿ, ಎರಡು ಚಹಾ ಕುಡಿದು, ಒಂದು ಗಂಟೆ ಯಾರ ಭಯವೂ ಇಲ್ಲದೆ ಕಮಾನು ನೋಡಿದೆ. ಸುಳ್ಳೇಕೆ ಹೇಳಲಿ, ಆ ಗಂಟೆ ಚೆನ್ನಾಗಿತ್ತು.

ರಾತ್ರಿ ಮನೆಯವರ ಕರೆ. ಹೇಗಿದ್ದೀಯೆ ಎಂದು ಕೇಳಲಿಲ್ಲ. ‘ಕುಕ್ಕರಿನ ವಿಷಲ್ ಎಲ್ಲಿದೆ?’

ಮೂರನೆಯ ದಿನ, ಬಾಗಲಕೋಟೆ ದಾರಿಯಾಗಿ ಬಾದಾಮಿ

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ತೋರಿಸಿದೆ, ಶೂನ್ಯ ರೂಪಾಯಿಯ ಚೀಟಿ ಬಂತು. ಹಿಂದಿನ ಸೀಟಿನ ಗಂಡಸೊಬ್ಬ ಪಕ್ಕದವನಿಗೆ ಕೇಳಿಸುವಂತೆ, ನಮಗೂ ಕೇಳಿಸುವಂತೆ ಹೇಳಿದ: ‘ಶಕ್ತಿ ಬಂದ ಮೇಲೆ ಮುದುಕಿಯರಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ.’ ನನ್ನ ಪಕ್ಕದ ಹೆಂಗಸು ತಿರುಗಿ, ‘ಇಷ್ಟು ದಿನ ನಿಂತಿತ್ತಲ್ಲಪ್ಪ, ಸಾಕಾಗಲಿಲ್ಲವೇ?’ ಎಂದಳು. ಮುಂದೆ ಬಾಗಲಕೋಟೆಯವರೆಗೂ ಆ ಸೀಟಿನಿಂದ ಕೆಮ್ಮು ಬಿಟ್ಟರೆ ಬೇರೇನೂ ಬರಲಿಲ್ಲ.

ಕೊಲ್ಹಾರದ ಉದ್ದ ಸೇತುವೆಯ ಮೇಲೆ ಬಸ್ಸು ಹಾಯುವಾಗ ಅವಳು ಕಿಟಕಿಯ ಕಂಬಿ ಹಿಡಿದು ಕೃಷ್ಣೆಯನ್ನೇ ನೋಡುತ್ತಿದ್ದಳು. ಆಲಮಟ್ಟಿಯ ಹಿನ್ನೀರು, ಕಣ್ಣು ಹಾಯುವಷ್ಟೂ ನೀರು. ‘ಅಲ್ಲಿ ನಮ್ಮ ಹೊಲ’ ಎಂದು ಬೆರಳು ತೋರಿಸಿದಳು. ನನಗೆ ಕಂಡದ್ದು ಒಂದು ಬೆಳ್ಳಕ್ಕಿ. ಈ ಕಡೆ ‘ಮುಳುಗಡೆ’ ಎನ್ನುವುದು ಬರೀ ಶಬ್ದವಲ್ಲ, ವಿಳಾಸ. ಮುಳುಗಡೆಯವರು ಎಂದರೆ ಸಾಕು. ಹಳೆಯ ಬಾಗಲಕೋಟೆಯ ಎಷ್ಟೋ ಜನ ನವನಗರಕ್ಕೆ ಎದ್ದು ಬಂದದ್ದು ಹಾಗೆಯೇ. ಅವಳ ಹೊಲ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಬದುವಿನ ಬೇವಿನ ಮರವನ್ನೂ ಸೇರಿಸಿ ತೋರಿಸಿದಳು.

ಬಾದಾಮಿಯಲ್ಲಿ ನನ್ನ ಮುಖವನ್ನು ನೇರವಾಗಿ ದಿಟ್ಟಿಸಿದ ಮೊದಲ ಜೀವ ಒಂದು ಕೋತಿ. ಬಾಳೆಹಣ್ಣು ಕಿತ್ತುಕೊಂಡು ಹೋಯಿತು.

ಮೂರನೆಯ ಗುಹೆಯ ಮೊಗಸಾಲೆಯಲ್ಲಿ ಕುಳಿತೆ. ಚಾಲುಕ್ಯ ಮಂಗಳೇಶ ಬರೆಸಿದ 578ರ ಶಾಸನವಿರುವ ಗುಹೆ. ಕಂಬಗಳ ಮೇಲೆ, ಮಾಡಿಗೆ ತಲೆ ಕೊಟ್ಟು ನಿಂತ ಜೋಡಿಗಳು. ಒಬ್ಬಳು ಗಂಡನ ಹೆಗಲಿಗೆ ಒರಗಿದ್ದಾಳೆ, ಇನ್ನೊಬ್ಬಳು ಮುನಿಸಿಕೊಂಡಿದ್ದಾಳೆ. ಒಬ್ಬಳಾದರೂ ನರೆತವಳು ಇದ್ದಾಳೆಯೇ ಎಂದು ಕತ್ತು ನೋಯುವವರೆಗೆ ಹುಡುಕಿದೆ. ಎಲ್ಲರಿಗೂ ಇಪ್ಪತ್ತು ಇಪ್ಪತ್ತೆರಡು. ಹದಿನಾಲ್ಕು ಶತಮಾನಗಳಿಂದ ಇಪ್ಪತ್ತೆರಡು.

ಕಾಲೇಜಿನ ಹುಡುಗ ಹುಡುಗಿಯರ ಗುಂಪೊಂದು ಬಂತು. ಹಾವಿನ ಸುರುಳಿಯ ಮೇಲೆ ಕುಳಿತ ದೊಡ್ಡ ವಿಷ್ಣುವಿನ ಮುಂದೆ ನಿಂತು ಫೋಟೋ. ‘ಅಜ್ಜಿ, ಒಂದು ತೆಗೆಯುತ್ತೀರಾ’ ಎಂದು ಮೊಬೈಲ್ ಕೊಟ್ಟರು, ತೆಗೆದುಕೊಟ್ಟೆ. ಆಮೇಲೆ ತಾವೇ ಒಂದಷ್ಟು ತೆಗೆದುಕೊಂಡರು. ಅದರಲ್ಲೊಂದರಲ್ಲಿ, ಬದಿಯಲ್ಲಿ, ಕಂಬದ ಬುಡದಲ್ಲಿ ನಾನು. ನೀರಿನ ಬಾಟಲಿ, ಸಡಿಲಾದ ತುರುಬು, ಬಾಯಿ ಸ್ವಲ್ಪ ತೆರೆದಿದೆ. ‘ಪರವಾಗಿಲ್ಲ, ತೆಗೆಯಬಹುದು’ ಎಂದ ಒಬ್ಬ ಹುಡುಗ. ನನ್ನ ಎದುರೇ, ನನಗೇ ತೋರಿಸುವ ಉತ್ಸಾಹದಿಂದ, ಪರದೆಯ ಮೇಲೆ ನನ್ನ ಸುತ್ತ ಬೆರಳಿನಿಂದ ಒಂದು ಗೆರೆ ಎಳೆದ. ಒಂದು ಮಿನುಗು. ನಾನು ಇಲ್ಲ. ಅಲ್ಲಿ ಕಲ್ಲು. ನಾನು ಕುಳಿತ ಜಾಗದಲ್ಲಿ ಕಂಬದ ಬುಡ ಹೇಗಿರಬಹುದೆಂದು ಮೊಬೈಲೇ ಊಹಿಸಿ ಚಾಲುಕ್ಯರ ಕೆಲಸವನ್ನು ಮುಂದುವರಿಸಿತ್ತು.

‘ನೋಡಿ ಅಜ್ಜಿ, ಗೊತ್ತೇ ಆಗುವುದಿಲ್ಲ!’

ಅವನಲ್ಲಿ ಕೆಟ್ಟತನ ಎಳ್ಳಷ್ಟೂ ಇರಲಿಲ್ಲ. ಒಳ್ಳೆಯ ಹುಡುಗ, ಬಾಟಲಿಯ ಮುಚ್ಚಳ ಗಟ್ಟಿಯಾಗಿದ್ದದ್ದನ್ನು ಬಿಚ್ಚಿಕೊಟ್ಟವನೂ ಅವನೇ. ನಾನು ಕನ್ನಡಕ ಏರಿಸಿಕೊಂಡು ನೋಡಿದೆ. ನೆಲದ ಮೇಲೆ ನನ್ನ ನೆರಳು ಹಾಗೆಯೇ ಉಳಿದಿತ್ತು, ಯಾರದೂ ಅಲ್ಲದ ನೆರಳು. ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಅಳಿಸುತ್ತಿದ್ದ.

ಕೆರೆಯ ಆಚೆ ವಸ್ತುಸಂಗ್ರಹಾಲಯದಲ್ಲಿ ಲಜ್ಜಾಗೌರಿ. ಹೆರುವ ಭಂಗಿಯಲ್ಲಿ ಕಾಲು ಅಗಲಿಸಿ ಕುಳಿತ ದೇವಿ. ತಲೆಯ ಜಾಗದಲ್ಲಿ ಅರಳಿದ ಕಮಲ. ಮುಖ ಒಡೆದುಹೋದದ್ದಲ್ಲ, ಮಾಡಿದ್ದೇ ಹಾಗೆ. ಬಹಳ ಹೊತ್ತು ನಿಂತಿದ್ದೆ.

ರಾತ್ರಿಯ ಪ್ರಶ್ನೆ: ಹಾಲಿನವನಿಗೆ ಎಷ್ಟು ಕೊಡಬೇಕು.

ನಾಲ್ಕನೆಯ ದಿನ, ಪಟ್ಟದಕಲ್ಲು, ಐಹೊಳೆ, ಬನಶಂಕರಿ

ಪಟ್ಟದಕಲ್ಲಿನಲ್ಲಿ ಶಾಲೆಯ ಮಕ್ಕಳ ಹಿಂದೆ ನಿಂತು ಪುಕ್ಕಟೆಯಾಗಿ ವಿವರಣೆ ಕೇಳಿದೆ. ಯಾರೂ ನೋಡದಿರುವುದರ ಲಾಭಗಳಲ್ಲಿ ಇದೂ ಒಂದು. ಹೇಳುತ್ತಿದ್ದವರು ವಿರೂಪಾಕ್ಷ ಗುಡಿಯ ಮುಂದೆ ಕೇಳಿದರು: ‘ಇದನ್ನು ಕಟ್ಟಿಸಿದವರು ಯಾರು?’ ಮಕ್ಕಳು ಒಂದೇ ದನಿಯಲ್ಲಿ: ‘ಇಮ್ಮಡಿ ವಿಕ್ರಮಾದಿತ್ಯ!’ ‘ಶಹಬ್ಬಾಸ್.’

34 ವರ್ಷ ತಪ್ಪು ತುಂಬಿದ ಅರ್ಜಿ ತಿದ್ದಿದ ನಾಲಿಗೆ ಸುಮ್ಮನಿರಲಿಲ್ಲ. ‘ಲೋಕಮಹಾದೇವಿ’ ಎಂದೆ. ಅವರು ದನಿ ಬಂದ ದಿಕ್ಕಿಗೆ, ನನ್ನ ತಲೆಯ ಮೇಲಿನ ಗಾಳಿಗೆ ಹೇಳುವಂತೆ ಹೇಳಿದರು: ‘ಅದೇ ಅಮ್ಮ, ರಾಜ ಎಂದರೆ ರಾಣಿಯೂ ಬಂದ ಹಾಗೆಯೇ ಅಲ್ಲವೇ?’

ಬಂದ ಹಾಗೆ ಅಲ್ಲ. ಗಂಡ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಗುಡಿ ಎತ್ತಿಸಿದವಳು ಅವಳು, ಸುಮಾರು 740ರಲ್ಲಿ. ಕಟ್ಟಿದ ಗುಂಡ ಎಂಬ ಸೂತ್ರಧಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಬಂದದ್ದು ಶಾಸನದಲ್ಲಿದೆ. ಹಾಡುಗಾರರಿಗೆ ಹಿಂದಿನಿಂದ ನಡೆದುಬಂದಿದ್ದ ದತ್ತಿಯನ್ನು ರಾಣಿಯೇ ಖಾಯಂ ಮಾಡಿದ್ದೂ ಶಾಸನದಲ್ಲಿದೆ. ಗುಡಿಯ ಹೆಸರು ಆಗ ಅವಳ ಹೆಸರಿನಿಂದಲೇ ಲೋಕೇಶ್ವರ. ಪಕ್ಕದಲ್ಲಿ ಅವಳ ತಂಗಿ, ಸವತಿಯೂ ಹೌದು, ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ತ್ರೈಲೋಕೇಶ್ವರ. ಈಗ ಒಂದು ವಿರೂಪಾಕ್ಷ, ಇನ್ನೊಂದು ಮಲ್ಲಿಕಾರ್ಜುನ. 1987ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗಲೂ ಆ ಹೆಸರುಗಳೇ. ಜಂಟಿ ಖಾತೆಗಳಲ್ಲಿ ನಾನು ಇದನ್ನು ದಿನವೂ ನೋಡಿದ್ದೇನೆ. ಹಣ ಕಟ್ಟುವ ಕೈ ಒಂದು, ಪಾಸ್‌ಬುಕ್ಕಿನಲ್ಲಿ ಎದ್ದು ಕಾಣುವ ಹೆಸರು ಇನ್ನೊಂದು. ರಾಣಿಯರ ಪರವಾಗಿ ನನಗೆ ಬಂದ ಸಿಟ್ಟು ಮಲಪ್ರಭೆಯ ದಂಡೆಗೆ ಹೋಗಿ ಕಾಲು ತೊಳೆದುಕೊಂಡ ಮೇಲೂ ಇಳಿಯಲಿಲ್ಲ. ಐಹೊಳೆಯನ್ನು ಆ ಸಿಟ್ಟಿನಲ್ಲಿಯೇ ನೋಡಿದ್ದರಿಂದ ಅದಕ್ಕೆ ಅನ್ಯಾಯವಾಯಿತು.

ಹಸಿವಾಗಿ ಬನಶಂಕರಿಗೆ ಬಂದೆ. ಹರಿದ್ರಾ ತೀರ್ಥದ ಬಳಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಹೆಂಗಸರ ಸಾಲು, ಬಹುಪಾಲು ನನ್ನ ವಯಸ್ಸಿನವರು ಅಥವಾ ಹಿರಿಯರು. ಇಲ್ಲಿ ಮಾಯವಾಗಲು ಯಾರೂ ಬಿಡುವುದಿಲ್ಲ. ‘ಬಾ ಯವ್ವಾ, ಕೂಡು, ಬಿಸಿಲಲ್ಲಿ ಬಂದಿದ್ದೀ’ ಎಂದು ಐದು ಕಡೆಯಿಂದ ಕೂಗು. ಅತಿ ಸಣ್ಣ ದನಿಯ ಅಜ್ಜಿಯ ಮುಂದೆ ಕುಳಿತೆ. ಎಪ್ಪತ್ತು ದಾಟಿರಬೇಕು, ಕಚ್ಚೆಯ ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳು, ಗುರೆಳ್ಳು ಚಟ್ನಿ, ಕೆಂಪಿಂಡಿ, ಪುಟ್ಟ ಕುಡಿಕೆಯಲ್ಲಿ ಕೆನೆಗಟ್ಟಿದ ಮೊಸರು. ಕೇಳದೆಯೇ ಎರಡನೆಯ ಸಲ ಕಾಳು ಬಡಿಸಿದಳು.

ಊಟವಾದ ಮೇಲೆ ದುಡ್ಡು ಕೊಟ್ಟೆ. ಚಿಲ್ಲರೆ ವಾಪಸು ಬಂತು, ಹತ್ತರ ನೋಟುಗಳು. ಎಣಿಸಿ ಚೀಲಕ್ಕೆ ಹಾಕುತ್ತಿದ್ದಾಗ ಅವಳು ಸಣ್ಣಗೆ ನಕ್ಕಳು.

‘ರೊಟ್ಟಿ ಬಡಿದ ಕೈ ಅಲ್ಲ ನಿನ್ನದು. ಬ್ಯಾಂಕಿನಲ್ಲಿ ಇದ್ದೆಯಾ?’

ನನ್ನ ಕೈ ನೋಡಿಕೊಂಡೆ. ನೋಟುಗಳನ್ನು ಎಡಗೈಯ ಬೆರಳುಗಳ ಸಂದಿಗೆ ಮಡಚಿ ಸಿಕ್ಕಿಸಿ, ಬಲ ಹೆಬ್ಬೆರಳಿನಿಂದ ಒಂದೊಂದಾಗಿ ತಳ್ಳಿ, ಕೊನೆಯದನ್ನು ಬೆರಳಿನಿಂದ ಚಿಟಿಕೆ ಹೊಡೆದು ಎಣಿಸಿದ್ದೆ. ಐದೇ ನೋಟಿಗೆ ಅಷ್ಟೂ ವೈಭವ. ನಾನು ಹಾಗೆ ಎಣಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ.

‘ಅಂಚೆ ಕಚೇರಿ’ ಎಂದೆ.

‘ಅದೇ. ಊರು ಯಾವುದು, ಹೆಸರೇನು, ಗಂಡನನ್ನು ಎಲ್ಲಿ ಬಿಟ್ಟು ಬಂದೆ, ಅವನಿಗೆ ಉಣ್ಣಲು ಯಾರು ಇಕ್ಕುತ್ತಾರೆ?’ ಒಂದೇ ಉಸಿರಿನಲ್ಲಿ ಎಲ್ಲವೂ. ಎಲ್ಲಕ್ಕೂ ಉತ್ತರ ಹೇಳಿದೆ, ಹೆಸರಿಗೂ. ‘ಕಲಿಯಲಿ ಬಿಡು’ ಎಂದಳು ಗಂಡನ ವಿಷಯಕ್ಕೆ, ಬೇರೆ ಗಿರಾಕಿಯ ಕಡೆ ತಿರುಗುತ್ತ.

ಐದನೆಯ ದಿನ, ಗುಳೇದಗುಡ್ಡ

ರವಿಕೆಯ ಖಣ ನೋಡಲು ಹೋದವಳು ಸೀರೆ ಕೊಂಡು ಬಂದೆ. ಅಂಗಡಿಯವನು ಕೇಳಿದ: ‘ಯಾರಿಗೆ? ಮಗಳಿಗೋ ಸೊಸೆಗೋ?’ ನನಗೆ ಎಂದೆ. ಕೂಡಲೇ ಅವನ ಕೈ ಮೇಲಿನ ಅರೆಯಿಂದ ಕೆಳಗಿನ ಅರೆಗೆ ಇಳಿಯಿತು. ಬೂದು, ಮಾಸಲು ನೀಲಿ, ಒಣಗಿದ ಎಲೆಯ ಬಣ್ಣ. ‘ನಿಮ್ಮ ವಯಸ್ಸಿಗೆ ಇವು ಒಪ್ಪುತ್ತವೆ.’ ಮೇಲಿನ ಅರೆಯ ದಾಳಿಂಬೆ ಕೆಂಪಿನ ಇಳಕಲ್ ತೆಗೆಸಿದೆ. ಚಿಕ್ಕಿ ಪರಾಸ ದಡಿ, ತೋಪು ತೆನೆಯ ಸೆರಗು. ಒಡಲಿನ ನೂಲನ್ನೂ ಸೆರಗಿನ ನೂಲನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಸೇರಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಹೂಡಬೇಕಂತೆ. ಆ ಕೊಂಡಿಯ ಸಾಲನ್ನು ಬೆರಳಿನಲ್ಲಿ ತಡವಿ ನೋಡಿದೆ. ಎಲ್ಲಿ ಹತ್ತಿ ಮುಗಿದು ರೇಷ್ಮೆ ಆರಂಭವಾಗುತ್ತದೆಂದು ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

‘ಇದು ಬಹಳ ಗಾಢ ಆಗುತ್ತದೆ ಅಮ್ಮ’ ಎಂದ.

‘ಆಗಲಿ’ ಎಂದೆ. ನೋಟು ಎಣಿಸಿಕೊಟ್ಟೆ, ಈ ಸಲ ಬೇಕೆಂದೇ, ಚಿಟಿಕೆ ಸಮೇತ.

ಆರನೆಯ ದಿನ, ಬೈಲಹೊಂಗಲ, ಬೆಳಗಾವಿ

ಬೈಲಹೊಂಗಲದಲ್ಲಿ ಕಿತ್ತೂರು ಚೆನ್ನಮ್ಮನ ಸಮಾಧಿ. ಇಲ್ಲಿನ ಕೋಟೆಯ ಸೆರೆಯಲ್ಲಿಯೇ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ನಾವು ಕಂಡ ಚೆನ್ನಮ್ಮ ಯಾವಾಗಲೂ ಕುದುರೆಯ ಮೇಲೆ, ಖಡ್ಗ ಎತ್ತಿ, ಇಪ್ಪತ್ತೈದರ ಪ್ರಾಯದಲ್ಲಿ. ಹುಟ್ಟಿದ್ದು 1778 ಎನ್ನುವುದಾದರೆ, ಕಿತ್ತೂರಿನ ಯುದ್ಧದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ 1824ರ ಅಕ್ಟೋಬರ್ 23ರಂದು ಅವಳಿಗೆ ಸುಮಾರು 46. ಗಂಡ ಹೋಗಿ ಎಂಟು ವರ್ಷ, ಮಗ ತೀರಿಕೊಂಡು ದತ್ತು ತೆಗೆದುಕೊಂಡ ವರ್ಷವೇ ಯುದ್ಧ. ಈಗಿನ ರೈಲ್ವೆಯ ಲೆಕ್ಕದಲ್ಲಿ ಕೆಳಗಿನ ಬರ್ತಿಗೆ ಅರ್ಹಳು. ಆ ವಯಸ್ಸಿನ, ಕಣ್ಣ ಕೆಳಗೆ ಕಪ್ಪಿರುವ, ನಿದ್ದೆಗೆಟ್ಟ ಚೆನ್ನಮ್ಮನ ಪ್ರತಿಮೆಯನ್ನು ಒಬ್ಬ ಶಿಲ್ಪಿಯಾದರೂ ಮಾಡಬಾರದೇ?

ಬೆಳಗಾವಿಯಲ್ಲಿ ಸಮಯವಿದ್ದದ್ದು ಅರ್ಧ ಕಿಲೋ ಕುಂದಾ ಕಟ್ಟಿಸಿಕೊಳ್ಳುವುದಕ್ಕೆ ಮತ್ತು ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಹೊಸ ಸೀರೆ ಉಟ್ಟುಕೊಳ್ಳುವುದಕ್ಕೆ ಮಾತ್ರ. ಫಾಲ್ ಇಲ್ಲ, ನಿರಿಗೆ ನಿಲ್ಲಲಿಲ್ಲ. ಕನ್ನಡಿಯ ಮುಂದಿದ್ದ ಅಪರಿಚಿತ ಹುಡುಗಿ ತನ್ನ ಬಾಚಣಿಗೆ ಕಚ್ಚಿಕೊಂಡೇ ಬಗ್ಗಿ ನಿರಿಗೆ ಹಿಡಿದುಕೊಟ್ಟಳು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ಯಾರು ಜೊತೆಗಿದ್ದಾರೆಂದು ಈ ಸಲ ಯಾರೂ ಕೇಳಲಿಲ್ಲ, ಕೇಳಿದ್ದರೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದೆ.

ಏಳನೆಯ ದಿನ, ಬೆಳಗಿನ ಜಾವ

ತುಮಕೂರಿನಲ್ಲಿ ಇಳಿದಾಗ ಇನ್ನೂ ಮಬ್ಬು. ಮನೆಯವರು ಪ್ಲಾಟ್‌ಫಾರ್ಮಿಗೆ ಬಂದಿದ್ದರು. ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ, ಕರೆದೂ ಇರಲಿಲ್ಲ. ಸ್ವೆಟರ್ ತಿರುಗುಮುರುಗಾಗಿತ್ತು. ಬೋಗಿಗಳ ಬಾಗಿಲುಗಳನ್ನೇ ನೋಡುತ್ತ ನಡೆದು ಬಂದವರು ನನ್ನ ಎದುರಿನಿಂದಲೇ ಹಾದು ಮುಂದಕ್ಕೆ ಹೋದರು. ಅವರು ಹುಡುಕುತ್ತಿದ್ದದ್ದು ಆ ಬಾದಾಮಿ ಬಣ್ಣದ ಹಳೆಯ ವಾಯಿಲ್ ಸೀರೆಯನ್ನು. ರೈಲು ಹೊರಟಿತು. ಅವರು ಕೊನೆಯ ಬೋಗಿಯವರೆಗೆ ಹೋಗಿ, ಹಿಂದೆ ತಿರುಗಿ, ಜೇಬಿನಿಂದ ಮೊಬೈಲ್ ತೆಗೆದು, ಕನ್ನಡಕಕ್ಕಾಗಿ ತಡಕಾಡಿ, ಮತ್ತೆ ಜನರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.

ಕೂಗಬಹುದಿತ್ತು. ಬ್ಯಾಗನ್ನು ಪಕ್ಕಕ್ಕೆ ಇಟ್ಟು, ಕುಂದಾದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಬೆಂಚಿನಲ್ಲಿ ಕುಳಿತೆ. ಇನ್ನೂ ಸ್ವಲ್ಪ ಹುಡುಕಲಿ.